ಎಮ್ಮಿಗನೂರಿನ ಪರೀಕ್ಷಕಿ

ಲೋಟದ ಅಡಿಯಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಎರಡು ಅಕ್ಷರಗಳಿವೆ: ‘ಎ. ಹಂ.’ ಹಂ ಪಕ್ಕದ ಸೊನ್ನೆ ಪೂರ್ತಿ ಮುಚ್ಚಿಕೊಂಡಿಲ್ಲ. ಪಾತ್ರೆ ಅಂಗಡಿಯವನ ಕೈ ಜಾರಿ ಒಂದು ಚುಕ್ಕೆ ಆಚೆಗೆ ಬಿದ್ದಿದೆ. ಬಾಯಿಯ ಅಂಚಿನಲ್ಲಿ, ಒಂದೇ ಕಡೆ, ಹತ್ತಿರ ಹತ್ತಿರ ಸಣ್ಣ ಗೀರುಗಳು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುವಂಥವಲ್ಲ.

ಹೊಸಪೇಟೆಯಲ್ಲಿ ನಾನು ರೋಗಿಗಳನ್ನು ನೋಡುವ ಕೋಣೆಯ ಕಪಾಟಿನಲ್ಲಿ ಈ ಲೋಟ ನಾಲ್ಕು ವರ್ಷದಿಂದ ಇದೆ. ಕುತ್ತಿಗೆಯ ಮುಂದೆ ಗಡ್ಡೆ ಇರುವವರು ಬಂದರೆ ಇದರಲ್ಲಿ ನೀರು ಕೊಡುತ್ತೇನೆ. ಒಂದು ಗುಟುಕು ಬಾಯಲ್ಲಿ ಹಿಡಿದುಕೊಳ್ಳಿ ಎನ್ನುತ್ತೇನೆ, ಆಮೇಲೆ ನುಂಗಿ ಎನ್ನುತ್ತೇನೆ. ಥೈರಾಯ್ಡ್ ಗಡ್ಡೆಯಾದರೆ ನುಂಗಿದಾಗ ಮೇಲಕ್ಕೇರಿ ಮತ್ತೆ ಇಳಿಯುತ್ತದೆ. ಅಷ್ಟೇ ಕೆಲಸ ಅದಕ್ಕೆ. ಕಳೆದ ವಾರ ಕಾಗದದ ಲೋಟಗಳ ಡಬ್ಬಿ ಬಂತು. ನಮ್ಮ ಶಾರದಾ ಸಿಸ್ಟರ್ ಕಪಾಟು ಒರೆಸುತ್ತಾ ಇದನ್ನು ಕೈಗೆತ್ತಿಕೊಂಡು, “ಮೇಡಂ, ಇದನ್ನ ಗುಜರಿಗೆ ಹಾಕ್ಲೇನ್ರಿ?” ಎಂದರು.

“ಬ್ಯಾಡ!” ಎಂದೆ.

ಅದು ಎಷ್ಟು ಜೋರಾಗಿ ಬಂತೆಂದರೆ, ಹೊರಗೆ ಬೆಂಚಿನ ಮೇಲೆ ಕೂತವರ ಮಾತು ನಿಂತಿತು. ಸಿಸ್ಟರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೊದಲಿದ್ದಲ್ಲೇ ಇಟ್ಟರು. ಬಾಗಿಲ ಹತ್ತಿರ ಹೋಗಿ ಯಾರಿಗೋ ಹೇಳಿದ್ದು ನನಗೂ ಕೇಳಿತು: “ನಮ್ ಮೇಡಂಗ ಧ್ವನಿ ಐತಿ ಅಂತ ಇವತ್ತ ಗೊತ್ತಾತು ನೋಡ್ರಿ.”

ಸಿಸ್ಟರ್ ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಮಾತು ಕಡಿಮೆಯವಳು. ಕಡಿಮೆ ಎಂದರೆ ಎಷ್ಟು ಎಂದು ನಿಮಗೆ ಒಂದು ಉದಾಹರಣೆ ಕೊಡುತ್ತೇನೆ. ಪಿಯುಸಿ ಓದುವಾಗ ಒಮ್ಮೆ ಕಮಲಾಪುರದ ಅತ್ತೆಯ ಮನೆಗೆ ಹೊರಟಿದ್ದೆ. ಬಸ್ಸು ಕಮಲಾಪುರದಲ್ಲಿ ನಿಂತಿತು. ನಾನು ಹಿಂದಿನ ಸೀಟಿನಿಂದ ಜನರನ್ನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಕಂಡಕ್ಟರ್ ರೈಟ್ ಹೇಳಿಬಿಟ್ಟ. ‘ಹೋಲ್ಡಾನ್’ ಎಂದು ಒಂದು ಮಾತು ಕೂಗಿದ್ದರೆ ಆಗುತ್ತಿತ್ತು. ನಾನು ಕೂಗಲಿಲ್ಲ. ಕಂಬಿ ಹಿಡಿದು ನಿಂತೇ ಕಂಪ್ಲಿಯವರೆಗೆ ಹೋದೆ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹಿಂದಕ್ಕೆ ಬಂದೆ. ಅಮ್ಮ ಇವತ್ತಿಗೂ ಅದನ್ನು ಬಿಟ್ಟಿಲ್ಲ. “ಹೋಲ್ಡಾನ್ ಅನ್ನಾಕ ಬಾಯಿಗೇನಾಗಿತ್ತು ನಿನಗ?” ಎನ್ನುತ್ತಾಳೆ.

ಇಂಥವಳು ಶಸ್ತ್ರಚಿಕಿತ್ಸೆ ಓದಲು ಹೊರಟಾಗ ಮನೆಯವರು ನಿಶ್ಚಿಂತರಾದರು. ಅದು ಕೈಯ ಕೆಲಸ, ಇವಳಿಗೆ ಸರಿ ಎಂದುಕೊಂಡರು. ನಾನೂ ಹಾಗೆಯೇ ತಿಳಿದಿದ್ದೆ. ಮೂರು ವರ್ಷ ಹೊಲಿದೆ, ಗಂಟು ಹಾಕಿದೆ, ರಕ್ತ ನಿಲ್ಲಿಸಿದೆ. ನಮ್ಮ ಯೂನಿಟ್ ಮುಖ್ಯಸ್ಥರು ಮಾತಿಗಿಂತ ಕೈ ನೋಡುವವರು, ಅವರಿಗೆ ನನ್ನ ಮೇಲೆ ದೂರಿರಲಿಲ್ಲ. ಆದರೆ ಆ ಮೂರು ವರ್ಷದ ಕೊನೆಗೆ ಒಂದು ಬಾಯಿಮಾತಿನ ಪರೀಕ್ಷೆ ಇರುತ್ತದೆ. ಒಬ್ಬ ರೋಗಿಯನ್ನು ನಿಮ್ಮ ಪಾಲಿಗೆ ಕೊಡುತ್ತಾರೆ. ಒಂದು ಗಂಟೆ ನೀವು ಅವರನ್ನು ವಿಚಾರಿಸಿ, ಮುಟ್ಟಿ ನೋಡಿ, ಕಂಡದ್ದನ್ನೆಲ್ಲ ಬರೆಯಬೇಕು. ಆಮೇಲೆ ಪರೀಕ್ಷಕರು ನಾಲ್ವರು ಬಂದು ಹಾಸಿಗೆಯ ಸುತ್ತ ನಿಲ್ಲುತ್ತಾರೆ. ಏನು ಕಂಡಿರಿ, ಯಾಕೆ ಹಾಗನ್ನುತ್ತೀರಿ, ಈಗೇನು ಮಾಡುತ್ತೀರಿ, ಅದು ಕೈಕೊಟ್ಟರೆ ಏನು ಮಾಡುತ್ತೀರಿ? ಅಲ್ಲಿ ಕೈಗೆ ಕೆಲಸವಿಲ್ಲ, ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸಬೇಕು.

ಆ ಪರೀಕ್ಷೆಗೆ ಬರುವ ರೋಗಿಗಳದ್ದೇ ಒಂದು ಕುಲ. ಬಹಳ ದಿನದಿಂದ ಇರುವ, ಆತುರವಿಲ್ಲದ ಕಾಯಿಲೆಯವರನ್ನು ಡಿಪಾರ್ಟ್‌ಮೆಂಟಿನವರು ನೆನಪಿಟ್ಟುಕೊಂಡು ಪ್ರತಿ ವರ್ಷ ಕರೆಸುತ್ತಾರೆ. ಹರ್ನಿಯಾ, ಕಾಲಿನ ಉಬ್ಬಿದ ನರ, ಕುತ್ತಿಗೆಯ ಗಡ್ಡೆ. ಬಸ್ಸಿನ ಖರ್ಚು, ಎರಡು ಹೊತ್ತಿನ ಊಟ, ಒಂದು ಹಾಸಿಗೆ. ಅವರಿಗೆ ತಮ್ಮ ಕಾಯಿಲೆ ನಮಗಿಂತ ಚೆನ್ನಾಗಿ ಗೊತ್ತು. ಯಾವ ಪ್ರಶ್ನೆ ಯಾವಾಗ ಬರುತ್ತದೆ, ಯಾವ ಉತ್ತರಕ್ಕೆ ಪರೀಕ್ಷಕರು ತಲೆಯಾಡಿಸುತ್ತಾರೆ ಎಂಬುದೂ ಗೊತ್ತು. ವಿದ್ಯಾರ್ಥಿಗಳಿಗೆ ಏನೂ ಹೇಳಬಾರದೆಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿರುತ್ತಾರೆ. ಅವರು ಹೂಂ ಎಂದಿರುತ್ತಾರೆ.

ಎಮ್ಮಿಗನೂರಿನ ಹಂಪಮ್ಮ ಆ ಕುಲದ ಹಿರಿಯಳು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ನೆಲ್ಲು ಒಣಗಿಸುತ್ತಾ ವಯಸ್ಸು ಕಳೆದವಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಪಕ್ಕದ ಮಂಚಕ್ಕೆ ಕೇಳಿಸುತ್ತಿತ್ತು. ಕುತ್ತಿಗೆಯ ಎಡಕ್ಕೆ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಆಸ್ಪತ್ರೆಯ ಲೋಟದಲ್ಲಿ ನೀರು ಕುಡಿಯಳು, ಮನೆಯಿಂದ ತನ್ನದೇ ಸ್ಟೀಲ್ ಲೋಟ ತರುತ್ತಿದ್ದಳು. ನನ್ನ ಪರೀಕ್ಷೆಯ ದಿನ ಮೂರನೇ ನಂಬರ್ ಮಂಚದ ಮೇಲೆ, ಆ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂತವಳ ಹಾಗೆ ಕೂತಿದ್ದಳು.

“ಕುಂದ್ರವ್ವ,” ಎಂದು ನನಗೇ ಸ್ಟೂಲು ತೋರಿಸಿದಳು. “ಹೆದರಬ್ಯಾಡ. ಹದಿನಾಕು ಮಂದಿ ಡಾಕ್ಟರ್ ಆಗ್ಯಾರ ಈ ಗಂಟಲದಾಗ.”

ಆಮೇಲೆ ನಡೆದದ್ದನ್ನು ನಾನು ಎಲ್ಲರಿಗೂ ಹೀಗೆ ಹೇಳಿಕೊಂಡು ಬಂದಿದ್ದೇನೆ. ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದೆ. ನೀರು ನುಂಗಿಸಿ ನೋಡಿದೆ, ಗಡ್ಡೆ ಏರಿಳಿಯಿತು. ಅವಳ ಬೆನ್ನ ಹಿಂದೆ ನಿಂತು ಎರಡೂ ಕೈಯ ಬೆರಳುಗಳನ್ನು ಕುತ್ತಿಗೆಯ ಸುತ್ತ ಇಳಿಸಿದೆ. ಗಡ್ಡೆ ದಾಟಿ, ಕತ್ತಿನ ಪಕ್ಕಕ್ಕೆ, ಸ್ವಲ್ಪ ಕೆಳಗೆ ಹೋದಾಗ ಎಡಗೈಯ ನಡುಬೆರಳಿಗೆ ಏನೋ ತಾಕಿತು. ಕಡಲೆಕಾಳಿನಷ್ಟು, ಗಟ್ಟಿ. ಅದು ಗಡ್ಡೆಯಲ್ಲ, ಪಕ್ಕದ ಗ್ರಂಥಿ. ಹಳೆಯ ಗಡ್ಡೆಯ ಪಕ್ಕದಲ್ಲಿ ಇಂಥದ್ದೊಂದು ಸಿಕ್ಕರೆ ಕ್ಯಾನ್ಸರ್ ಇರಬಹುದೇ ಎಂದು ಯೋಚಿಸಬೇಕು. ಅಷ್ಟರಲ್ಲಿ ಹಂಪಮ್ಮ ಕತ್ತು ತಿರುಗಿಸದೆ ಪಿಸುಗುಟ್ಟಿದಳು: “ಅಲ್ಲೇನಿಲ್ಲವ್ವ. ಗಡ್ಡಿ ಮುಂದೈತಿ. ಎಲ್ಲಾರೂ ಮುಂದಿಂದ ಬರ್ದು ಪಾಸ್ ಆಗ್ಯಾರ.” ನನ್ನ ಹಾಳೆಯಲ್ಲಿ, ಪಕ್ಕದ ಗ್ರಂಥಿಗಳು ಎಂಬುದರ ಮುಂದೆ, ‘ಇಲ್ಲ’ ಎಂದಿತ್ತು.

ಪರೀಕ್ಷಕರು ಬಂದರು. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು, ಬಹಳ ಸೌಮ್ಯ ಮನುಷ್ಯ, ನಾನು ಓದಿದ್ದನ್ನೆಲ್ಲ ಕೇಳಿಸಿಕೊಂಡು ತಾವೇ ಹಂಪಮ್ಮನ ಹಿಂದೆ ನಿಂತರು. ಅವರ ಬೆರಳು ಹೋಗಿ ಅಲ್ಲೇ ನಿಂತಿತು. ನನ್ನನ್ನು ಕರೆದು ನನ್ನ ಬೆರಳನ್ನು ಅದರ ಮೇಲಿಟ್ಟರು. “ಇದೇನು, ಡಾಕ್ಟರ್?” ಎಂದರು.

ನನಗೆ ಗೊತ್ತಿತ್ತು. ಅದು ಏನಿರಬಹುದು, ಮುಂದೇನು ಮಾಡಬೇಕು ಎಂಬುದರ ಇಡೀ ಅಧ್ಯಾಯ ತಲೆಯೊಳಗೆ ಪುಟ ಸಮೇತ ತೆರೆದುಕೊಂಡಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಅವರು ಕಾದರು. ಇನ್ನೊಬ್ಬರು ಪ್ರಶ್ನೆಯನ್ನು ಬದಲಿಸಿ ಕೇಳಿದರು. ಕಿಟಕಿಯ ಆಚೆ ಯಾರೋ ಸ್ಕೂಟರಿನ ಕಿಕ್ಕರ್ ಒದೆಯುತ್ತಲೇ ಇದ್ದರು, ಅದು ಶುರುವಾಗುತ್ತಿರಲಿಲ್ಲ. ನನಗೆ ಈಗಲೂ ಆ ಪರೀಕ್ಷೆ ಎಂದರೆ ಆ ಸದ್ದು.

ಫೇಲಾದೆ. ಮತ್ತೆ ಪರೀಕ್ಷೆಗೆ ಕೂರಲು ಆರು ತಿಂಗಳು ಕಾಯಬೇಕಿತ್ತು.

ಹೊಸಪೇಟೆಯ ಮನೆಗೆ ಬಂದೆ. ಸಂಡೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹಗಲಿನ ಡ್ಯೂಟಿ ಹಿಡಿದೆ. ಗಣಿಯ ಲಾರಿಯವರ ಜಜ್ಜಿದ ಬೆರಳು, ಹರಿದ ಹುಬ್ಬು ಹೊಲಿಯುವ ಕೆಲಸ. ಸಂಡೂರಿನ ಕೆಂಪು ಧೂಳು ನನ್ನ ಪಠ್ಯಪುಸ್ತಕದ ಅಂಚಿಗೂ ಹತ್ತಿತು. ಯಾವ ಅಧ್ಯಾಯ ಹೆಚ್ಚು ಓದಿದ್ದೇನೆಂದು ಪುಸ್ತಕ ಮುಚ್ಚಿದ್ದಾಗಲೇ ಪಕ್ಕದಿಂದ ಗೊತ್ತಾಗುತ್ತಿತ್ತು. ಆದರೆ ಓದಿನಿಂದ ನನ್ನ ಕಷ್ಟ ಪರಿಹಾರವಾಗುವಂತಿರಲಿಲ್ಲ. ಬಾಯಿ ಬಿಡುವುದನ್ನು ಕಲಿಯಬೇಕು ಎಂದು ನಿರ್ಧರಿಸಿದೆ. ನಿರ್ಧರಿಸಿದ ಮೇಲೆ ನಾನು ಹಟಮಾರಿ. ವೇಳಾಪಟ್ಟಿ ಬರೆದೆ: ದಿನಕ್ಕೆ ಎರಡು ರೋಗ, ಗಟ್ಟಿಯಾಗಿ, ನಿಂತುಕೊಂಡು.

ಮೊದಲು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಹೇಳಿದೆ. ಅಮ್ಮ ಮೊದಮೊದಲು ಶ್ರದ್ಧೆಯಿಂದ ಕೇಳಿದಳು. ಮೂರನೇ ದಿನ ಹೊಟ್ಟೆಯೊಳಗಿನ ಕೀವಿನ ಬಗ್ಗೆ ಹೇಳುವಾಗ ಮಿಕ್ಸಿ ಹಾಕಿದಳು. “ಉಣ್ಣೋ ಹೊತ್ತಿನಾಗ ಬ್ಯಾಡವ್ವ ತಾಯಿ,” ಎಂದಳು.

ಆಮೇಲೆ ಭಾನುವಾರ ಬೆಳಿಗ್ಗೆ ಬೇಗ ಹಂಪಿಗೆ ಹೋಗತೊಡಗಿದೆ. ಹೇಮಕೂಟದ ಒಂದು ಬಂಡೆಯ ಮೇಲೆ, ಜನ ಬರುವ ಮೊದಲು, ಥೈರಾಯ್ಡ್ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಒಂದರ ಹಿಂದೊಂದು ಹೇಳುತ್ತಾ ಕೂತಿದ್ದೆ. ಕಣ್ಣು ತೆರೆದರೆ ಎದುರಿಗೆ ಎಂಟು-ಹತ್ತು ಮಂದಿ ವಿದೇಶಿಯರು, ಟೋಪಿ ತೆಗೆದು, ಭಕ್ತಿಯಿಂದ ನಿಂತಿದ್ದಾರೆ. ಅವರ ಗೈಡು ಬಗ್ಗಿ, “ಮೇಡಂ, ಯಾವ ಸ್ತೋತ್ರ ರೀ ಇದು? ಅವ್ರು ಕೇಳಾಕತ್ಯಾರ,” ಎಂದ. ಗಂಟಲಿನ ಸ್ತೋತ್ರ ಎನ್ನಬೇಕೆನಿಸಿತು. ಎನ್ನಲಿಲ್ಲ. ಪುಸ್ತಕ ಮುಚ್ಚಿ ಎದ್ದು ಬಂದೆ. ಬಂಡೆಗಳ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಬರುತ್ತಿತ್ತು, ಅದನ್ನು ಅಭ್ಯಾಸ ಮಾಡಬೇಕಿರಲಿಲ್ಲ. ಎದುರಿಗೆ ಜನ ನಿಂತರೆ ಎದ್ದು ಬರುತ್ತಿದ್ದೆನಲ್ಲ, ಸೋಲು ಇದ್ದದ್ದು ಅಲ್ಲಿ.

ಪರೀಕ್ಷೆಯಾಗಿ ಒಂದು ತಿಂಗಳ ಮೇಲೆ ಯೂನಿಟ್ ಮುಖ್ಯಸ್ಥರು ಫೋನ್ ಮಾಡಿದರು. ಹಂಪಮ್ಮನಿಗೆ ಆ ದಿನವೇ ಅವರು, ನಾಳೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತೇವೆ, ಇಲ್ಲೇ ಇರು ಎಂದಿದ್ದರಂತೆ. ಅವಳು ನಾಟಿ ಮುಗಿಸಿ ಬರುತ್ತೇನೆಂದು ಹೇಳಿ ಸಂಜೆಯ ಬಸ್ಸು ಹತ್ತಿದವಳು ಮತ್ತೆ ಬಂದಿಲ್ಲ. ಮಗನ ಫೋನ್ ನಂಬರ್ ಬದಲಾಗಿದೆ. “ನೀನು ಆ ಕಡೆಯವಳಲ್ಲವೇ, ಹೋಗಿ ಕರೆದುಕೊಂಡು ಬಾ,” ಎಂದರು.

ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಎಮ್ಮಿಗನೂರಿಗೆ ಹೋದೆ. ರಸ್ತೆಯ ಎರಡೂ ಕಡೆ ಹೊಸದಾಗಿ ನಾಟಿಯಾದ ಗದ್ದೆ, ನಡುವೆ ಕಬ್ಬು. ಹಂಪಮ್ಮನ ಮನೆಯ ಮುಂದೆ ಬೇವಿನ ಮರದ ಕಟ್ಟೆ, ಕಟ್ಟೆಯ ಮೇಲೆ ಹಂಪಮ್ಮ. ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನನ್ನ ಬಾಯಿಂದ ನಿನ್ನ ಪರೀಕ್ಷಿ ಹೋತಲ್ಲೋ ಯವ್ವ! ಸುಮ್ಕಿರಬಾರದೇನು ಈ ಹಾಳ ಬಾಯಿ? ನೀನು ಅಲ್ಲೇ ಬೆರಳಿಟ್ಟಿದ್ದಿ. ನಾನು ಏನಿಲ್ಲ ಅಂದೆ. ಅವತ್ತಿಂದ ಉಂಡದ್ದು ಮೈಗೆ ಹತ್ತವಲ್ದು.”

ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಆಸ್ಪತ್ರೆಗೆ ಬರಬೇಕೆಂದೆ. ಸೂಜಿ ಪರೀಕ್ಷೆ, ಆಮೇಲೆ ಬಹುಶಃ ಆಪರೇಷನ್ ಎಂದೆ. ಅವಳ ಮುಖ ಸಣ್ಣದಾಯಿತು. ಭಯಕ್ಕೆ ಎಂದು ನಾನು ತಿಳಿದೆ. ಅವಳಿಗಿದ್ದ ಚಿಂತೆ ಬೇರೆ.

“ಗಡ್ಡಿ ತೆಗದ್ರ ವರ್ಸಾ ವರ್ಸಾ ನನ್ನ ಯಾರು ಕರೀತಾರವ್ವ? ಊರಾಗ ಎಲ್ಲಾರೂ ಕೇಳ್ತಾರ, ಹಂಪಮ್ಮ, ಈ ಸಲ ಎಷ್ಟು ಮಂದಿನ ಡಾಕ್ಟರ್ ಮಾಡಿ ಬಂದಿ ಅಂತ.”

ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು. “ನನ್ನ ಪರೀಕ್ಷಿ ನಿಮ್ಮಿಂದ ಹೋತು ಅಂತೀರಲ್ಲವ್ವ,” ಎಂದೆ. “ಹಂಗಿದ್ರ ನನ್ನ ಸಲುವಾಗಿ ಬರ್ರಿ.”

ಬಂದಳು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ನಿಧಾನ ಸ್ವಭಾವದ, ಬೇಗ ತೆಗೆದರೆ ಹತೋಟಿಗೆ ಸಿಗುವ ಜಾತಿ. ಮುಖ್ಯಸ್ಥರು ಆಪರೇಷನ್ ಮಾಡಿದರು, ನಾನು ಎದುರು ನಿಂತು ಗಾಯದ ಅಂಚು ಹಿಡಿದಿದ್ದೆ. ಚೆನ್ನಾಗಿಯೇ ಆಯಿತು. ಆದರೆ ಗಡ್ಡೆಯ ಬೆನ್ನಿಗೇ ಧ್ವನಿಯ ನರ ಹಾಯುತ್ತದೆ. ಅದು ಸ್ವಲ್ಪ ನೊಂದಿತ್ತು. ಮೂರು ನಾಲ್ಕು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಮುಖ್ಯಸ್ಥರು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ, ಗಿರಣಿಯ ಸದ್ದನ್ನು ಮೀರಿಸುತ್ತಿದ್ದ ಹಂಪಮ್ಮನ ಬಾಯಿಂದ ಬರಿಯ ಉಸಿರಿನಂಥ ಮಾತು.

ಗಾಯ ನೋಡಲೆಂದು ಒಂದು ಭಾನುವಾರ ಹೋದೆ. ಅವಳು ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಲೋಟ, ಕೈಯಲ್ಲಿ ಮನೆಯ ಬೀಗದ ಕೈ ಹಿಡಿದಿದ್ದಳು. ಸೊಸೆ ರೇಣುಕಾಳನ್ನು ಕರೆಯಬೇಕೆಂದರೆ ಲೋಟಕ್ಕೆ ಟಣ್ ಟಣ್ ಎಂದು ಬಡಿಯುವುದು. ರೇಣುಕಾ ಹೊಸ್ತಿಲಲ್ಲಿ ನಿಂತು, “ಬಾಯಿಗಿಂತ ಇದು ಜಾಸ್ತಿ ಆತ್ರಿ ಡಾಕ್ಟ್ರೆ. ಜಲ್ದಿ ನಮ್ಮತ್ತಿ ಧ್ವನಿ ಕೊಟ್ಟುಬಿಡ್ರಿ,” ಎಂದಳು.

ಹಂಪಮ್ಮ ನನ್ನನ್ನು ಹತ್ತಿರ ಕರೆದು, “ಮುಂದಿನ ಪರೀಕ್ಷಿಗೆ ಏನು ಮಾಡಾಕತ್ತಿ?” ಎಂದು ಉಸಿರಿನಲ್ಲಿ ಕೇಳಿದಳು. ಅಡುಗೆಮನೆ, ಹೇಮಕೂಟ ಎಲ್ಲವನ್ನೂ ಹೇಳಿದೆ. ಅವಳಿಗೆ ನಗು ಬಂತು, ಹೊಲಿಗೆ ಎಳೆದೀತೆಂದು ಕುತ್ತಿಗೆ ಹಿಡಿದುಕೊಂಡು ನಕ್ಕಳು. ಆಮೇಲೆ ಲೋಟ ಬಡಿದಳು. ರೇಣುಕಾ ಬಂದಳು. ಇನ್ನೊಮ್ಮೆ ಬಡಿದಳು. ಪಕ್ಕದ ಮನೆಯ ಈರಮ್ಮ ಬಂದಳು, ಅವಳ ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ಎಲ್ಲರೂ ಕಟ್ಟೆಯ ಸುತ್ತ ಕೂತರು. ಹಂಪಮ್ಮ ಸೆರಗು ಸರಿಮಾಡಿಕೊಂಡು, ಕಣ್ಣು ಸಣ್ಣ ಮಾಡಿ, ಪರೀಕ್ಷಕರ ಗತ್ತಿನಲ್ಲಿ ಹೇಳಿದಳು: “ಯೆಸ್ ಡಾಕ್ಟರ್. ಪ್ರೊಸೀಡ್.”

ಇಷ್ಟು ವರ್ಷದ ಪರೀಕ್ಷೆಗಳಿಂದ ಅವಳು ಕಲಿತದ್ದು ಅಷ್ಟೇ ಅಲ್ಲ. ಯಾರು ಪಾಸಾಗುತ್ತಾರೆ, ಯಾರು ಫೇಲಾಗುತ್ತಾರೆ ಎಂಬುದು ಅವಳಿಗೆ ಮೊದಲ ಐದು ನಿಮಿಷದಲ್ಲೇ ತಿಳಿಯುತ್ತಿತ್ತಂತೆ. “ಪಾಸ್ ಆಗೋರು ಮೊದಲು ನಮ್ಮ ಮುಖ ನೋಡ್ತಾರ. ಫೇಲ್ ಆಗೋರು ಸೀದಾ ಗಂಟಲಾ ಹಿಡಿತಾರ.” ಇನ್ನೊಂದು: “ಸಾಹೇಬ್ರು ಕೇಳಿದ್ದು ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂದೋರು ಭಾಳ ಮಂದಿ ಪಾಸ್ ಆಗ್ಯಾರ. ಸುಮ್ನ ನಿಂತೋರು ಒಬ್ರೂ ಆಗಿಲ್ಲ.”

ನಾನು ಶುರುಮಾಡಿದೆ. ನನ್ನ ಧ್ವನಿ ಎರಡನೇ ವಾಕ್ಯಕ್ಕೇ ಇಳಿಯಿತು. ಟಣ್. ಮತ್ತೆ ಏರಿಸಿದೆ. ಇಂಗ್ಲಿಷಿನಲ್ಲಿ ಎರಡು ಶಬ್ದ ಬಂದವು. ಈರಮ್ಮ ಕೈ ಎತ್ತಿ, “ನಮಗ ತಿಳಿಯಂಗ ಹೇಳ್ರಿ, ಇಲ್ಲಾಂದ್ರ ಎದ್ದು ಹೊಕ್ಕೀವಿ, ಒಲಿ ಮ್ಯಾಲ ಬ್ಯಾಳಿ ಐತಿ,” ಎಂದಳು. ಹೇಳಿದೆ. ಪಿತ್ತಕೋಶದ ಕಲ್ಲು ಜಾರಿ ನಾಳ ಕಟ್ಟಿದರೆ ಕಣ್ಣು ಯಾಕೆ ಹಳದಿಯಾಗುತ್ತದೆ, ಕೆಮ್ಮಿದರೆ ಹರ್ನಿಯಾ ಯಾಕೆ ಉಬ್ಬುತ್ತದೆ, ಕರುಳು ಮಡಚಿಕೊಂಡರೆ ಯಾಕೆ ಕಾಯಬಾರದು. ಈರಮ್ಮನಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ ಮೊದಲು ನನಗೆ ಪೂರ್ತಿ ತಿಳಿದಿರಬೇಕು ಎಂಬುದು ಆ ಕಟ್ಟೆಯ ಮೇಲೆ ಗೊತ್ತಾಯಿತು. ನನಗೆ ಬಾಯಿಪಾಠವಾಗಿದ್ದ ಎಷ್ಟೋ ಸಂಗತಿಗಳು ನಿಜವಾಗಿ ನನಗೆ ಅರ್ಥವೇ ಆಗಿರಲಿಲ್ಲ.

ಹೀಗೆ ಸುಮಾರು ನಾಲ್ಕು ತಿಂಗಳು, ಭಾನುವಾರಗಳು. ಕಂಪ್ಲಿ ಬಸ್ಸಿನ ಕಂಡಕ್ಟರಿಗೆ ನನ್ನ ಮುಖ ಪರಿಚಯವಾಯಿತು. ಹೆಂಗಸರು ಕೇಳುವುದಷ್ಟೇ ಅಲ್ಲ, ತಮ್ಮ ತಮ್ಮ ಮೈಯನ್ನೂ ತಂದು ಒಪ್ಪಿಸಿದರು. ಒಬ್ಬಳ ಕಾಲಿನ ನರ, ಒಬ್ಬಳ ಬೆನ್ನಿನ ಕೊಬ್ಬಿನ ಗಂಟು, ಈರಮ್ಮನ ಗಂಡನ ಹರ್ನಿಯಾ. ಅವನನ್ನು ಅವಳು ಕೈಹಿಡಿದು ಎಳೆದುಕೊಂಡು ಬಂದಳು, ಅವನು ಕಟ್ಟೆ ಕಂಡ ಕೂಡಲೇ ಕಬ್ಬಿನ ಗದ್ದೆಯ ಕಡೆ ಓಡಿದ. “ಲೇ, ಡಾಕ್ಟ್ರು ನಿನ್ನ ತಿಂತಾರೇನೋ!” ಎಂದು ಈರಮ್ಮ ಕೂಗಿದ್ದು ಊರಿಗೆಲ್ಲ ಕೇಳಿತು. ಪ್ರತಿ ಸಲ ಮುಟ್ಟಿ ನೋಡಿದ ಮೇಲೆ ಹಂಪಮ್ಮನ ಪ್ರಶ್ನೆ ಒಂದೇ: “ಬೆರಳಿಗೆ ಏನು ಸಿಕ್ತು? ಎಲ್ಲಾರಿಗೂ ಕೇಳಂಗ ಹೇಳು.” ನಾನು ತಡೆದರೆ ಟಣ್. ‘ಇರಬಹುದು’ ಎಂದು ಗೊಣಗಿದರೆ ಟಣ್ ಟಣ್. ಲೋಟದ ಅಂಚಿನ ಗೀರುಗಳು ಆಗ ಆದವು.

ನನ್ನ ಧ್ವನಿ ಏರುತ್ತಾ ಬಂತು. ಹಂಪಮ್ಮನದೂ. ಪರೀಕ್ಷೆಗೆ ಎರಡು ವಾರ ಇದ್ದಾಗ ಒಂದು ಬೆಳಿಗ್ಗೆ ರೇಣುಕಾ ಫೋನ್ ಮಾಡಿ, “ಬಂತ್ರಿ ಡಾಕ್ಟ್ರೆ, ನಮ್ಮತ್ತಿ ಧ್ವನಿ ಬಂತು. ನನಗ ಬೈದ್ರು,” ಎಂದಳು. ಅಷ್ಟು ಸಂತೋಷದ ದೂರನ್ನು ನಾನು ಇನ್ನೆಂದೂ ಕೇಳಿಲ್ಲ.

ಎರಡನೇ ಸಲ ನನ್ನ ಪಾಲಿಗೆ ಬಂದವರು ಒಬ್ಬ ವಯಸ್ಸಾದ ಗೃಹಸ್ಥರು, ಬಲಗಡೆ ಹರ್ನಿಯಾ. ಮೊದಲು ಅವರ ಮುಖ ನೋಡಿದೆ. ಬಲಗಡೆಯದು ಯಾರಿಗಾದರೂ ಕಾಣುವಂಥದ್ದು. ಎಡಗಡೆ ಬೆರಳಿಟ್ಟು ಕೆಮ್ಮಿಸಿದಾಗ ಬೆರಳ ತುದಿಗೆ ಒಂದು ಸಣ್ಣ ತಟ್ಟುವಿಕೆ ಸಿಕ್ಕಿತು, ಸಿಕ್ಕಿತೋ ಇಲ್ಲವೋ ಎಂಬಷ್ಟು. ಹಾಳೆಯಲ್ಲಿ ಬರೆದೆ. ಪರೀಕ್ಷಕರು ಬಂದಾಗ ಗಟ್ಟಿಯಾಗಿ ಹೇಳಿದೆ. ಅವರಲ್ಲೊಬ್ಬರು ಪರೀಕ್ಷಿಸಿ, “ನನಗೆ ಹಾಗೆ ಅನ್ನಿಸುತ್ತಿಲ್ಲವಲ್ಲ,” ಎಂದರು. ನನ್ನ ಕಿವಿಯೊಳಗೆ ಟಣ್ ಎಂದಿತು. “ನನ್ನ ಬೆರಳಿಗೆ ಸಿಕ್ಕಿತು ಸರ್. ಅವರನ್ನು ನಿಲ್ಲಿಸಿ ಇನ್ನೊಮ್ಮೆ ನೋಡಲೇ?” ಎಂದೆ. ನೋಡಿದೆವು. ಯಾರು ಸರಿ ಎಂದು ಅವರು ಹೇಳಲಿಲ್ಲ, “ಮುಂದೆ ಹೋಗಿ,” ಎಂದರು. ನಾನು ಮುಂದೆ ಹೋದೆ. ಮುಕ್ಕಾಲು ಗಂಟೆ ಮಾತಾಡಿದೆ. ಎರಡು ಸಲ ಗೊತ್ತಿಲ್ಲ ಎಂದೆ.

ಪಾಸಾದ ಸುದ್ದಿ ಹೇಳಲು ಪೇಢೆ ತೆಗೆದುಕೊಂಡು ಎಮ್ಮಿಗನೂರಿಗೆ ಹೋದಾಗ ಹಂಪಮ್ಮ ಲೋಟವನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು. “ಇನ್ನ ನನಗ್ಯಾಕ ಇದು? ನುಂಗಿ ತೋರ್ಸಾಕ ಗಡ್ಡಿ ಇಲ್ಲ. ನೀನು ಇಟ್ಕೋ. ಹದಿನೈದ್ನೇ ಡಾಕ್ಟರ್ ನೀನು. ನಿನ್ನ ಮಾತ್ರ ಗಡ್ಡಿ ಇಲ್ದಂಗ ಮಾಡೀನಿ.”

ಇದು ನಾನು ಹೇಳುವ ಕಥೆ. ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಹಿತವಾಗಿರುತ್ತದೆ, ನಾನೂ ಇಷ್ಟು ವರ್ಷ ಇಲ್ಲಿಗೇ ಮುಗಿಸಿದ್ದೇನೆ. ಆದರೆ ಕಳೆದ ವಾರ, ಕೊನೆಯ ರೋಗಿ ಹೋದ ಮೇಲೆ, ಲೋಟವನ್ನು ಮುಂದಿಟ್ಟುಕೊಂಡು ಕೂತಾಗ, ಬ್ಯಾಡ ಎಂದು ಅಷ್ಟು ಜೋರಾಗಿ ಕೂಗಿದವಳಿಗೆ ಇದೊಂದು ಮಾತು ಯಾಕೆ ಹೊರಡಲಿಲ್ಲ ಎನಿಸಿತು. ಆ ಮೊದಲ ಪರೀಕ್ಷೆಯ ಬಗ್ಗೆ ನಾನು ಹೇಳುವುದರಲ್ಲಿ ಒಂದು ಕ್ರಮ ಹಿಂದೆಮುಂದಾಗಿದೆ. ಬೆರಳಿಗೆ ಕಾಳು ಸಿಕ್ಕಿತು. ಬೆರಳು ಅಲ್ಲಿ ನಿಂತಿತು. ಇದನ್ನು ಬರೆದರೆ ಮುಂದಿನ ಪ್ರಶ್ನೆಗಳೆಲ್ಲ ಕ್ಯಾನ್ಸರಿನ ಕಡೆ ಹೊರಳುತ್ತವೆ, ಅರ್ಧ ಗಂಟೆ ಮಾತಾಡಬೇಕಾಗುತ್ತದೆ ಎಂದು ಹೆದರಿದೆ. ಕೈ ತೆಗೆದು, ಮುಂದೆ ಬಂದು, ಹಾಳೆಯಲ್ಲಿ ‘ಇಲ್ಲ’ ಎಂದು ಬರೆದೆ. ಹಂಪಮ್ಮ ಪಿಸುಗುಟ್ಟಿದ್ದು ಆಮೇಲೆ. ನಾನು ಬರೆದಾದ ಮೇಲೆ.

ನಾನು ಫೇಲಾದದ್ದು ಅವಳ ಮಾತಿನಿಂದಲ್ಲ. ಅವಳು ಕಟ್ಟೆಯ ಮುಂದೆ ನನ್ನ ಕೈ ಹಿಡಿದುಕೊಂಡು ತಪ್ಪು ತನ್ನದೆಂದಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಅದನ್ನೇ ಹಿಡಿದು ಅವಳನ್ನು ಆಸ್ಪತ್ರೆಗೆ ಎಳೆದೆ. ಅವಳ ಜೀವ ಉಳಿಯಲೆಂದು ಹಾಗೆ ಮಾಡಿದೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಜೀವ ಉಳಿದ ಮೇಲೂ ನಾಲ್ಕು ವರ್ಷ ಆಯಿತಲ್ಲ. ಪ್ರತಿ ವರ್ಷ ತಪಾಸಣೆಗೆ ಬಂದಾಗ ಅವಳು, “ನಿನ್ನ ಪರೀಕ್ಷಿ ಕೆಡಿಸಿದ ಬಾಯಿ ಇದು,” ಎಂದು ತನ್ನ ಬಾಯಿಗೆ ತಾನೇ ಮೆಲ್ಲಗೆ ಹೊಡೆದುಕೊಳ್ಳುತ್ತಾಳೆ. ನಾನು ನಗುತ್ತೇನೆ.

ಮರುದಿನ ಬೆಳಿಗ್ಗೆ ಶಾರದಾ ಸಿಸ್ಟರಿಗೆ ಫೋನ್ ಮಾಡಿ, ಮಧ್ಯಾಹ್ನದವರೆಗೆ ಬರುವುದಿಲ್ಲ ಎಂದೆ. ಲೋಟವನ್ನು ಚೀಲದಲ್ಲಿಟ್ಟುಕೊಂಡು ಕಂಪ್ಲಿ ಬಸ್ಸು ಹತ್ತಿದೆ.

ಹಂಪಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಈರಮ್ಮ ಇದ್ದಳು, ರೇಣುಕಾ ಹೊಸ್ತಿಲಲ್ಲಿದ್ದಳು. ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳೋಣ ಎಂದುಕೊಂಡೇ ಬಂದಿದ್ದೆ. ಕಟ್ಟೆ ಕಂಡ ಮೇಲೆ ಅದು ಸರಿಯಲ್ಲ ಎನಿಸಿತು. ಅವಳ ಎದುರು ನಿಂತೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ. ಮೊದಲು ಬೆರಳು, ಆಮೇಲೆ ಹಾಳೆ, ಆಮೇಲೆ ಅವಳ ಮಾತು. ಎಲ್ಲವನ್ನೂ ನಡೆದ ಕ್ರಮದಲ್ಲಿ.

ಹಂಪಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

“ನನಗ ಗೊತ್ತಿಲ್ಲೇನು?” ಎಂದಳು. “ನೀನು ಬೆರಳ ತಗದು, ಮುಂದ ಬಂದು ಬರ್ದಿ. ಮುಖ ಸಣ್ಣದಾಗಿತ್ತು. ಪಾಪ, ಹುಡಿಗಿ ಹೆದರೇತಿ ಅಂತ ನಾನು ಧೈರ್ಯಕ್ಕ ಮಾತಾಡಿದ್ದು.”

“ಮತ್ತ ಇಷ್ಟು ದಿನ ತಪ್ಪು ನಂದು, ನಂದು ಅಂದ್ರಲ್ಲವ್ವ?” ಎಂದೆ.

“ನಂದು ಅಂದದ್ದಕ್ಕ ನೀನು ವಾರಾ ವಾರಾ ಬಂದಿ. ನಿಂದು ಅಂದಿದ್ರ ಬರ್ತಿದ್ದೇನು?”

ಈರಮ್ಮ ನಗತೊಡಗಿದಳು. “ಈಕಿ ಮುಂದ ಯಾವ ಸಾಹೇಬ್ರು ಬಂದ್ರೂ ಫೇಲೇ,” ಎಂದಳು.

ನಾನು ಚೀಲದಿಂದ ಲೋಟ ತೆಗೆದೆ. ಹಂಪಮ್ಮ ಅದನ್ನು ಕೈಯಲ್ಲಿ ತಿರುಗಿಸಿ, ಅಡಿಯ ಅಕ್ಷರ ಮುಟ್ಟಿ, ರೇಣುಕಾಳ ಕೈಗೆ ಕೊಟ್ಟು ನೀರು ತರಿಸಿದಳು. ಈ ವರ್ಷದ ತಪಾಸಣೆ ಇನ್ನೂ ಆಗಿರಲಿಲ್ಲ. ಕುತ್ತಿಗೆ ಮುಟ್ಟಿ ನೋಡಲು ಅವಳ ಬೆನ್ನ ಹಿಂದೆ ಹೋಗಿ ನಿಂತೆ.